ಟೇಪಿನ ಮುತ್ತೈದೆ

ಹೇಮಶ್ರೀಯ ಗೃಹಪ್ರವೇಶದಲ್ಲಿ ಆರತಿಯ ಹೊತ್ತಿಗೆ ನನ್ನನ್ನು ಹಿಂದಕ್ಕೆ ಕೂರಿಸಿದರು. ಆಮೇಲೆ ನನ್ನದೇ ಹಾಡನ್ನು ಟೇಪಿನಲ್ಲಿ ಹಾಕಿದರು.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನಲ್ಲಿ ಹೊಸ ಮನೆ. ಗೋಡೆಗೆ ಬಳಿದ ಬಣ್ಣದ ವಾಸನೆ, ಕಾರ್ಪೆಟ್ಟಿನ ವಾಸನೆ, ಅವೆರಡರ ಮೇಲೆ ಸೀದ ಹಾಲಿನ ವಾಸನೆ. ಎಲೆಕ್ಟ್ರಿಕ್ ಒಲೆಯ ಮೇಲೆ ಹಾಲು ಉಕ್ಕಿಸಿದಾಗ ಹೊಗೆಯ ಅಲಾರಂ ಅರಚಿಕೊಂಡಿತ್ತು. ಹೇಮಶ್ರೀಯ ಗಂಡ ಶಿವಪ್ರಕಾಶ್ ರೇಷ್ಮೆ ಪಂಚೆಯಲ್ಲೇ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಏನು ಮಾಡಿದರೂ ಅವನಿಗೆ ಚಪ್ಪಾಳೆ ಬೀಳುತ್ತಿದ್ದ ಕಾಲ.

ಹಿಂದಿನ ದಿನ ಹೇಮಶ್ರೀ ಫೋನು ಮಾಡಿದ್ದಳು. "ಲೇ ಇಂದು, ನೀನ್ ಬರ್ಲೇಬೇಕು ಕಣೆ. ಊಟ ಆದ್ಮೇಲೆ ನಿನ್ ಜಾಝ್ ಎರಡು ಹಾಡ್ಬಿಡು. ಶಿವು ಇನ್‌ವೆಸ್ಟರ್‍ಸು ಬರ್ತಿದಾರೆ."

ಊಟ ಆದ ಮೇಲೆ ಎಂದರೆ ಊಟಕ್ಕೆ ಮುಂಚೆ ಬೇಡ ಎಂದು ಅರ್ಥ. ಅದು ನನಗೆ ಹೊಳೆಯಲಿಲ್ಲ. ಗಂಡ ಹೆಂಡತಿ ಹೊಸಿಲಿನ ಬಳಿ ನಿಂತಾಗ, ತಟ್ಟೆಯ ಕೆಂಪು ನೀರು ಕಂಡಾಗ, ಹಳೆಯ ರೂಢಿಯಿಂದ ನಾನು ಮುಂದೆ ಬಂದೆ. ಶಿವಪ್ರಕಾಶನ ತಾಯಿ ಶರಣವ್ವ ನನ್ನ ಮೊಣಕೈ ಹಿಡಿದರು. ಧಾರವಾಡದ ಕಡೆಯವರು. ಮೆತ್ತಗಿನ ಕೈ, ಗಟ್ಟಿ ಹಿಡಿತ.

"ನೀ ಹಿಂದ ಕೂಡ ತಂಗಿ. ಮನಸ್ಸಿಗೆ ಹಚ್ಕೋಬ್ಯಾಡ."

ಸೋಫಾದ ಹಿಂದೆ ಒಂದು ಮಡಿಸುವ ಕುರ್ಚಿ ಇತ್ತು. ಕೂತೆ.

ಈಗ ಹಾಡುವವರು ಯಾರು ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳಿಗೆ ಸಿನಿಮಾ ಹಾಡು ಬರುತ್ತಿತ್ತು, ಇನ್ನೊಬ್ಬಳಿಗೆ ಗಂಟಲು ಕೆಟ್ಟಿತ್ತು. "ಅಯ್ಯೋ, ಇಂದೂದೇ ಇದೆಯಲ್ಲ!" ಎಂದು ಹೇಮಶ್ರೀ ಕಪಾಟಿನಿಂದ ಒಂದು ಕ್ಯಾಸೆಟ್ಟು ತೆಗೆದಳು.

"ಅದೂ ಆ ಹುಡುಗೀದೇ ದನಿ ಅಲ್ವಾ?" ಎಂದು ಯಾರೋ ಪಿಸುಗುಟ್ಟಿದರು.

ಶರಣವ್ವ ಪಿಸುಗುಟ್ಟಲಿಲ್ಲ. "ದನಿ ಆಕಿದ. ಆದ್ರ ಟೇಪಿನ್ಯಾಗ ಇರಾಕಿ ಮುತ್ತೈದಿ ಇದ್ದಾಳ. ಆವಾಗ ಗಂಡ ಇದ್ದನಲ್ಲ."

ಯಾರೂ ನಗಲಿಲ್ಲ. ಎಂಜಿನಿಯರುಗಳು, ಇಬ್ಬರು ಡಾಕ್ಟರುಗಳು, ಎಲ್ಲರೂ ಲೆಕ್ಕ ಸರಿಯಾಗಿದೆ ಎಂಬಂತೆ ತಲೆಯಾಡಿಸಿದರು. ಹೇಮಶ್ರೀ ಗುಂಡಿ ಒತ್ತಿದಳು.

ಹಾಡು ಶುರುವಾಯಿತು. ನನಗೆ ಹಾಡು ಬೇಕಿರಲಿಲ್ಲ. ಅದರ ಕೊನೆ ಬೇಕಿತ್ತು. ಆ ಟೇಪನ್ನು ನನ್ನ ಗಂಡ ಜಗನ್ ನಮ್ಮ ಎಮರಿವಿಲ್ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿದ್ದ. ಹಾಡು ಮುಗಿದು ಸ್ವಲ್ಪ ಹೊತ್ತಾದ ಮೇಲೆ ಅವನು "ಸಾಕಾ?" ಎಂದು ಕೇಳುತ್ತಾನೆ. ಆಮೇಲೆ ಟೇಪು ನಿಲ್ಲುತ್ತದೆ. ಇದು ನನಗೆ ಮರೆತೇಹೋಗಿತ್ತು. ಹಿಂದಿನ ಕುರ್ಚಿಯಲ್ಲಿ ಕೂತಾಗ ನೆನಪಾಯಿತು.

ಜಗನ್ ಹೋಗಿ ಒಂದು ವರ್ಷ ಕಳೆದಿತ್ತು. ಅವನ ದನಿ ಬೇರೆಲ್ಲೂ ಇರಲಿಲ್ಲ. ಅವನು ಯಾವಾಗಲೂ ಯಂತ್ರದ ಹಿಂದೆ ಇರುತ್ತಿದ್ದವನು. ಆನ್ಸರಿಂಗ್ ಮಷೀನಿನಲ್ಲಿ ಇದ್ದದ್ದು ನನ್ನ ದನಿ. ಮದುವೆಯ ವಿಡಿಯೋದಲ್ಲಿ ಅವನು ತುಂಬ ಮಾತಾಡುತ್ತಾನೆ, ಆದರೆ ವಿಡಿಯೋದವನು ಉದ್ದಕ್ಕೂ ಸಿನಿಮಾ ಹಾಡು ತುಂಬಿಸಿದ್ದಾನೆ. ಜಗನ್ ಬಾಯಿ ತೆರೆದರೆ ಯಾವುದೋ ನಾಯಕನ ಹಾಡು ಬರುತ್ತದೆ.

ಟೇಪಿನಲ್ಲಿ ಕೊನೆಯ ಸಾಲು ಬಂತು.

ಹಸೆಯ ಮೇಲಿರುವ ಶಿವಪ್ರಕಾಶಗೆ
ಹೇಮಶ್ರೀಗೆ ಕೆಂಪಿನಾರತಿಯ ಎತ್ತಿರೆ

ನಾನು ಉಸಿರು ಹಿಡಿದೆ. ಹೇಮಶ್ರೀಯ ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು. ಟಕ್.

"ಫೋಟೋ, ಫೋಟೋ," ಎಂದರು ಯಾರೋ.

*

ಅಪ್ಪ ಕೆಂಪರಾಜು ಹಾಸನದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ಸೀಮಂತ, ಎಲೆಕ್ಷನ್ನು, ತಿಥಿ. ಬೇರೆ ಮೈಕ್‌ಸೆಟ್ಟಿನವರು "ಹಲೋ, ಚೆಕ್, ಚೆಕ್" ಎನ್ನುತ್ತಿದ್ದರು. ಅಪ್ಪ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹಾಡಿಸುತ್ತಿದ್ದರು. ನಾನು ಕಿರುಚಿದರೆ ವಯರು ಸುತ್ತುತ್ತಲೇ ಗದರುತ್ತಿದ್ದರು. "ಮೈಕು ಅಂದ್ರೆ ಕಿವಿ ಕಣಮ್ಮಿ. ಕಿವಿ ಹತ್ರ ಬಾಯಿಟ್ಟು ಯಾರಾದ್ರೂ ಕೂಗ್ತಾರಾ? ಗುಟ್ಟು ಹೇಳ್ದಂಗೆ ಹೇಳು. ಊರಿಗೆ ಮುಟ್ಸೋದು ನನ್ ಕೆಲ್ಸ."

ಮಂಟಪದಲ್ಲಿ ಹೆಂಗಸರು ಮೈಕು ಕಂಡರೆ ನಾಚುತ್ತಿದ್ದರು. ಹಾಗಾಗಿ ಆರತಿ ಹಾಡೂ ಮೈಕ್‌ಸೆಟ್ಟಿನ ಜೊತೆಗೇ ಹೋಗತೊಡಗಿತು. ಹಾಡುವ ಮುಂಚೆ ನಾನು ಹೆಣ್ಣಿನ ಕಡೆಯವರನ್ನು ಕೇಳಬೇಕಿತ್ತು: ಹೆಸರೇನು, ಗಂಡಿನ ಹೆಸರೇನು? ಕೊನೆಯ ಸಾಲಿನಲ್ಲಿ ಆ ಹೆಸರು ಕೂರಬೇಕು. ಉದ್ದದ ಹೆಸರು ಬಂದರೆ ಮಡಚಬೇಕು, ಗಿಡ್ಡದ್ದು ಬಂದರೆ ಎಳೆಯಬೇಕು. ತಾಳದೊಳಗೆ ಹೆಸರು ತುರುಕುವ ಆ ಕೆಲಸವೇ ನನ್ನ ಮೊದಲ ಸಂಗೀತ ಶಿಕ್ಷಣ.

ಎರಡನೆಯದು ಶೇಷಾದ್ರಿ ಮೇಷ್ಟರದು. ಅವರ ಮನೆಯ ಜಗಲಿಯಲ್ಲಿ ಸಂಗೀತ ಪಾಠ. ನನ್ನ ಗಾಂಧಾರ ಸ್ವರ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎರಡು ಗಾಂಧಾರಗಳ ನಡುವೆ ಎಲ್ಲೋ ಬಾಗಿಕೊಂಡು ಕೂರುತ್ತಿತ್ತು. ಮೇಷ್ಟರು ತೊಡೆಗೆ ಹೊಡೆದುಕೊಂಡು ಕೂಗುತ್ತಿದ್ದರು: "ಅಪಸ್ವರ! ಮೈಕಿನ ಚಾಳಿ ಇದು. ಬಾಯಿ ಬಿಟ್ಟು ಹಾಡು. ಇಲ್ದಿದ್ರೆ ನಿಮ್ಮಪ್ಪನ ಜೊತೆ ವಯರು ಸುತ್ತು ಹೋಗು." ನಾನು ಬಾಯಿ ಬಿಟ್ಟೆ. ಗಾಂಧಾರ ನೆಟ್ಟಗಾಯಿತು. ಹಾಡು ಸತ್ತಿತು. ಮೇಷ್ಟರಿಗೆ ತೃಪ್ತಿಯಾಯಿತು.

ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಮುಂದಿನ ಓದಿಗೆ ಇಲ್ಲಿ ಹೇವರ್ಡಿಗೆ ಬಂದೆ. ಹಾಸ್ಟೆಲಿನ ಎದುರು ಸಂಗೀತ ವಿಭಾಗ. ಯಾರು ಬೇಕಾದರೂ ಸೇರಬಹುದಾದ ಜಾಝ್ ಗಾಯನದ ಕ್ಲಾಸೊಂದಿತ್ತು. ಲೊರೇನ್ ಎಂಬ ಓಕ್ಲೆಂಡಿನ ಹೆಂಗಸು ಪಿಯಾನೋ ನುಡಿಸುತ್ತ ಕಲಿಸುತ್ತಿದ್ದಳು. ಚರ್ಚಿನಲ್ಲಿ ಹಾಡಿ ಬೆಳೆದವಳು, ವಯಸ್ಸಾದವಳು, ಮಂಡಿ ನೋವಿನವಳು. ನಾನು ಹಾಡಿದೆ. ಅವಳು ಕೈ ನಿಲ್ಲಿಸಿ, ಆ ಸ್ವರವನ್ನು ಹೀಗೆ ಇಸ್ತ್ರಿ ಮಾಡಿದವರು ಯಾರು ಎಂದು ಕೇಳಿದಳು. ಮೇಷ್ಟರು ಎಂದೆ. ಅವರು ಈ ಊರಲ್ಲಿ ಇದ್ದಾರಾ? ಇಲ್ಲ ಎಂದೆ. ಹಾಗಾದರೆ ಬಾಗಲಿ ಬಿಡು ಎಂದಳು.

ಬಾಗಿಸಿದೆ. ಅವಳು ಕಣ್ಣು ಮುಚ್ಚಿ ಜೊತೆಗೆ ನುಡಿಸಿದಳು. ಹಾಸನದಲ್ಲಿ ಅಪಸ್ವರವಾದದ್ದರ ಮೇಲೆ ಓಕ್ಲೆಂಡಿನಲ್ಲಿ ಒಂದು ಸಂಗೀತವೇ ನಿಂತಿತ್ತು.

ಅವಳ ಜೊತೆ ಭಾನುವಾರ ಹಗಲು ಒಂದು ರೆಸ್ಟೋರೆಂಟಿನಲ್ಲಿ ಹಾಡತೊಡಗಿದೆ. ವಾರವೆಲ್ಲ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ, ಬ್ಯಾಕ್ಟೀರಿಯಾ ಬೆಳೆಸುವುದು. ಕೈಯ ವಾಸನೆ ಹೋಗಲೆಂದು ಭಾನುವಾರ ಬೆಳಿಗ್ಗೆ ನಿಂಬೆಹಣ್ಣಿನಿಂದ ತಿಕ್ಕಿಕೊಳ್ಳುತ್ತಿದ್ದೆ.

ಕನ್ನಡದ ಹುಡುಗಿ ಜಾಝ್ ಹಾಡುತ್ತಾಳೆ ಎಂದು ಸುದ್ದಿಯಾಗಿ ಕೆಲವು ಹುಡುಗರು ನೋಡಲು ಬಂದರು. ನೀವು ಸೂಪರ್ ಎಂದರು, ಊರು ಯಾವುದು, ಯಾವ ಪೈಕಿ ಎಂದು ಕೇಳಿದರು. ಒಬ್ಬ ಮಾತ್ರ ಹತ್ತಿರ ಬಂದು, "ರೀ, ನಿಮ್ಮ ಎಡಗಡೆ ಸ್ಪೀಕರ್ ಸತ್ತಿದೆ," ಎಂದ. ಬಗ್ಗಿ ಸರಿಮಾಡಿದ. ಅವನು ಮಂಡ್ಯದ ಜಗನ್. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಯೋಚಿಸಿ, "ಮೊದ್ಲು ಸ್ಪೀಕರ್ ನೋಡ್ದ, ಆಮೇಲೆ ನಿನ್ ನೋಡ್ದ. ಆಗ್ಬೋದು," ಎಂದರು.

ಜಗನ್ ಶಿವಪ್ರಕಾಶನ ಕಂಪನಿಯಲ್ಲಿದ್ದ. ಕಂಪನಿಯ ಹೆಸರು ಮನೆಮಂಗಳ ಡಾಟ್ ಕಾಮ್. ಪರದೇಶದಲ್ಲಿರುವ ನಮ್ಮವರಿಗೆ ಇಂಟರ್ನೆಟ್ಟಿನಲ್ಲಿ ಮುಹೂರ್ತ, ಕೊರಿಯರಿನಲ್ಲಿ ಪ್ರಸಾದ, ಗುಂಡಿ ಒತ್ತಿದರೆ ಆರತಿ. ಅಂಥ ಕಂಪನಿಗಳು ಆಗ ದಿನಕ್ಕೊಂದು ಹುಟ್ಟುತ್ತಿದ್ದವು, ಹುಟ್ಟಿದ್ದಕ್ಕೆಲ್ಲ ಒಂದು ಪಾರ್ಟಿ, ಪಾರ್ಟಿಗೆಲ್ಲ ಒಬ್ಬಳು ಜಾಝ್ ಗಾಯಕಿ. ನನ್ನ ವೃತ್ತಿ ಬೆಳೆದದ್ದು ಹಾಗೆ. ಮಂಜುಗಡ್ಡೆಯಲ್ಲಿ ಕೆತ್ತಿದ ಕಂಪನಿಯ ಲಾಂಛನದ ಪಕ್ಕ ನಿಲ್ಲಿಸುತ್ತಿದ್ದರು. ಅದು ಕರಗಿ ನನ್ನ ಸೀರೆಯ ನೆರಿಗೆಗೆ ತೊಟ್ಟಿಕ್ಕುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಒಬ್ಬ ಸೀಗಡಿ ತಿಂದು, ಅದರ ಬಾಲವನ್ನು ಎಲ್ಲಿ ಬಿಸಾಡುವುದೆಂದು ಸುತ್ತ ನೋಡಿ, ನಾನು ಹಾಡುತ್ತಿರುವಾಗಲೇ ನನ್ನ ಹಾಳೆಗಳ ಸ್ಟ್ಯಾಂಡಿನ ಅಂಚಿಗೆ ಇಟ್ಟು, ನನ್ನನ್ನು ನೋಡಿ ನಕ್ಕು ಹೋದ. ಲೊರೇನ್ ನುಡಿಸುತ್ತಲೇ ಅದನ್ನು ನೋಡಿದಳು. ಮುಂದಿನ ಪಾರ್ಟಿಗೆ ಬರಲಿಲ್ಲ. ನಾನು ಹೋದೆ. ನಮ್ಮವರ ಕಂಪನಿ, ಜಗನ್ನನ ಕಂಪನಿ.

ಆ ಕಂಪನಿಯ ವೆಬ್‌ಸೈಟು ಶುರುವಾಗುವ ವಾರ ಜಗನ್ ಎರಡು ರಾತ್ರಿ ಮನೆಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆಫೀಸಿನಿಂದ ಹೊರಟ. ಫ್ರೀವೇಯಲ್ಲಿ, ಬಿಸಿಲು ಮುಖಕ್ಕೆ ಬೀಳುವ ಹೊತ್ತಿನಲ್ಲಿ, ಸ್ಟೀರಿಂಗ್ ಹಿಡಿದೇ ನಿದ್ದೆ ಹೋದ. ಇಷ್ಟೇ ಆದದ್ದು.

ಆಫೀಸಿನವರು ಮನೆಗೆ ಬಂದರು. ಹೂವಿನ ಜೊತೆ ಕಂಪನಿಯ ಟೀಶರ್ಟು ತಂದಿದ್ದರು. ಅದರ ಮೇಲೆ ಎಲ್ಲರೂ ಸಹಿ ಹಾಕಿದ್ದರು. ಎಕ್ಸ್‌ಎಲ್ ಸೈಜು.

*

ಗೃಹಪ್ರವೇಶದ ಊಟವಾದ ಮೇಲೆ ನಾನು ಎರಡು ಹಾಡು ಹಾಡಿದೆ. ಟೇಪು ಬೇಕಿತ್ತು. ಊಟ ಮುಗಿದಿದ್ದರಿಂದ ನನ್ನ ದನಿಗೆ ಈಗ ದೋಷವಿರಲಿಲ್ಲ. ಶರಣವ್ವನೇ ಮುಂದಿನ ಸಾಲಿನಲ್ಲಿ ಕೂತು ಕೇಳಿ, "ಭಾಳ ಛಲೋ ಹಾಡ್ತಿ ನೋಡವಾ, ಅರ್ಥ ಆಗ್ಲಿಲ್ಲ ಅಷ್ಟ," ಎಂದರು.

ಪಾತ್ರೆ ಎತ್ತಿಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಹೇಮಶ್ರೀಯನ್ನು ಕೇಳಿದೆ.

"ಆ ಕ್ಯಾಸೆಟ್ಟು ಕೊಡ್ತೀಯಾ?"

"ಯಾವ್ದು? ಆರತೀದಾ?" ಅವಳ ಮುಖ ಸಣ್ಣದಾಯಿತು. "ಅಯ್ಯೋ ಅದು ನನ್ ಸೀಮಂತಕ್ಕೆ ನೀವಿಬ್ರೂ ಕೊಟ್ಟಿದ್ದು ಕಣೆ. ನಮ್ ಹೆಸ್ರಿದೆ ಅದ್ರಲ್ಲಿ. ನಮ್ಮತ್ತೆ ಬೇರೆ... ಅದನ್ನ ನಿನ್ ಕೈಗೆ... ತಪ್ಪು ತಿಳ್ಕೋಬೇಡ."

"ಹಾಡು ಬೇಡ. ಕೊನೇಲಿ ಜಗನ್ ಒಂದು ಮಾತಾಡ್ತಾನೆ. ಅದು ಬೇಕು."

ಅವಳ ಕಣ್ಣು ತುಂಬಿತು. ಚಿತ್ರಾನ್ನದ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. "ಖಂಡಿತ ಕಣೆ. ಶಿವುಗೆ ಹೇಳಿ ಸಿಡಿ ಮಾಡ್ಸಿ ಕಳಿಸ್ತೀನಿ." ನನ್ನ ಬೆನ್ನ ಮೇಲೆ ಅರಿಶಿನದ ಕೈ ಗುರುತು ಉಳಿಯಿತು. ಮನೆಗೆ ಬಂದು ನೋಡಿದೆ. ತೊಳೆದರೂ ಹೋಗಲಿಲ್ಲ.

ಸಿಡಿ ಕೊರಿಯರಿನಲ್ಲಿ ಬಂತು. ಮೇಲೆ ಕಂಪನಿಯ ದೀಪದ ಲಾಂಛನ. ಹಾಕಿದೆ. ಹಾಡು ಚೊಕ್ಕವಾಗಿತ್ತು. ಹಿಂದಿನ ರೈಲಿನ ಸದ್ದಿಲ್ಲ, ಫ್ರಿಜ್ಜಿನ ಗುಂಯ್ ಇಲ್ಲ. ಎತ್ತಿರೆ ಎಂಬಲ್ಲಿಗೆ ಮುಗಿದುಹೋಯಿತು. ಅದರಾಚೆ ಏನೂ ಇರಲಿಲ್ಲ.

ಶಿವಪ್ರಕಾಶನಿಗೆ ಫೋನು ಮಾಡಿದೆ.

"ಹೌದು, ಕ್ಲೀನ್ ಮಾಡ್ಸಿದೀನಿ ಇಂದು," ಎಂದ ಹೆಮ್ಮೆಯಿಂದ. "ನಮ್ ಸೌಂಡ್ ಹುಡುಗ ಜೀನಿಯಸ್ಸು. ಕೊನೇಲಿ ಯಾವನೋ ಮಾತಾಡ್ಬಿಟ್ಟಿದ್ದ, ಅದ್ನೂ ತೆಗ್ದಿದಾನೆ."

"ಅದು ಜಗನ್."

ಆ ಕಡೆ ಟೇಬಲ್ ಫುಟ್‌ಬಾಲ್ ಆಡುವವರ ಕೂಗು ಕೇಳಿಸುತ್ತಿತ್ತು. "ಓ. ಸಾರಿ, ಸಾರಿ. ಹೇಮಾ ಹೇಳಿದ್ಲು, ತಲೇಲಿ ಉಳೀಲಿಲ್ಲ. ಒರಿಜಿನಲ್ ಇಲ್ಲೇ ಆಫೀಸಲ್ಲಿದೆ. ಹೇಮಾಗೆ, ಅಮ್ಮಂಗೆ ನಾನ್ ಏನಾದ್ರೂ ಹೇಳ್ತೀನಿ. ನೀನ್ ಬಾ, ಬಂದು ತಗೊಂಡ್ ಹೋಗು." ಆಮೇಲೆ ಸ್ವರ ತಗ್ಗಿಸಿದ. "ಬಂದಾಗ ನಂಗೂ ಒಂದು ಹೆಲ್ಪು. ಆ ಹಾಡಲ್ಲಿ ನಮ್ ಹೆಸ್ರಿದೆಯಲ್ಲ, ಸೈಟಿಗೆ ಹಾಕಕ್ಕಾಗಲ್ಲ. ಯಾರ್ ಮನೇಗ್ ಬೇಕಾದ್ರೂ ಆಗೋ ಥರ ಒಂದು ಹಾಡ್ಬಿಡು. ಹೆಸ್ರಿಲ್ದೆ. ಜನರಲ್ಲಾಗಿ."

"ನನ್ ದನಿ ಆಗುತ್ತಾ?"

"ನಿನ್ ಹೆಸ್ರು ಹಾಕಲ್ಲ. ಯಾರಿಗ್ ಗೊತ್ತಾಗುತ್ತೆ?"

ವಿಧವೆಯ ದನಿ ಹೊಸಿಲ ಬಳಿ ಕೆಡುಕು, ವಯರಿನಲ್ಲಿ ಹೋದರೆ ಸರಕು. ಆದರೆ ಟೇಪು ಅಲ್ಲಿತ್ತು. ಬರುತ್ತೇನೆ ಎಂದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಂದೆ ಗೋದಾಮಾಗಿದ್ದ ಕಟ್ಟಡ. ಕಂಪನಿಯ ಆಫೀಸು ಅದರಲ್ಲಿ. ಒಳಗೆ ತಣ್ಣಗಾದ ಪಿಜ್ಜಾದ ವಾಸನೆ, ಸಾಕ್ಸಿನ ವಾಸನೆ, ಜೊತೆಗೆ ಪ್ಯಾಕ್ ಮಾಡಲು ಸುರಿದಿಟ್ಟ ಕುಂಕುಮದ್ದು. ಒಂದು ನಾಯಿ ಪ್ರಸಾದದ ಡಬ್ಬಿಗಳ ಮೇಲೆ ಮಲಗಿತ್ತು. ಜಗನ್ ಕೂರುತ್ತಿದ್ದ ಜಾಗದಲ್ಲಿ ಗಾಳಿ ತುಂಬಿದ ದೊಡ್ಡ ಚೆಂಡಿತ್ತು, ಅದರ ಮೇಲೆ ಯಾರೋ ಕುಣಿಯುತ್ತ ಕೂತು ಟೈಪ್ ಮಾಡುತ್ತಿದ್ದರು.

ಕೋಟು ನೇತುಹಾಕುವ ಕೋಣೆಯನ್ನೇ ಸ್ಟುಡಿಯೋ ಮಾಡಿದ್ದರು. ಶಿವಪ್ರಕಾಶ್ ಹೆಡ್‌ಫೋನ್ ಹಾಕಿಕೊಂಡು ಎದುರು ಕೂತ. ಕ್ಯಾಸೆಟ್ಟು ಅವನ ಅಂಗಿಯ ಜೇಬಿನಲ್ಲಿತ್ತು. ಪ್ಲಾಸ್ಟಿಕ್ ಡಬ್ಬಿಯ ಮೇಲೆ ಜಗನ್ನನ ಅಕ್ಷರ ಕಾಣುತ್ತಿತ್ತು: ಹೇಮಾ ಸೀಮಂತ.

ಹಾಡಿದೆ. ಮೊದಲ ಚರಣದ ಗಾಂಧಾರ ಬಾಗಿತು. ಅವನು ಕೈ ಎತ್ತಿದ.

"ಸ್ವಲ್ಪ ಕಡಿಮೆ ಜಾಝು. ಭಕ್ತಿ ಬರ್ಲಿ ಇಂದು. ಒಂಥರಾ ಸೋಬರ್ ಫೀಲು."

ಮತ್ತೆ ಹಾಡಿದೆ. ಗಾಂಧಾರ ಮತ್ತೆ ಬಾಗಿತು. ಅವನಿಗೆ ಈ ಸಲ ಗೊತ್ತಾಗಲಿಲ್ಲ, ಪೇಜರು ನೋಡುತ್ತಿದ್ದ. ಕೊನೆಯ ಸಾಲಿಗೆ ಬಂದೆ. ಅಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಹುಡುಗಿಯಾಗಿದ್ದಾಗಿನಿಂದ ಆ ಜಾಗವನ್ನು ನಾನು ಖಾಲಿ ಬಿಟ್ಟವಳಲ್ಲ. ಗಿಡ್ಡ ಹೆಸರು ಬಂದರೆ ಎಳೆಯಬೇಕು. ಎಳೆದೆ.

ಮನೆಯ ಬಾಗಿಲಿಗೆ ಬಂದ ಜಗನಿಗೆ
ಮೆಲ್ಲನೆ ಕೆಂಪಿನಾರತಿಯ ಎತ್ತಿರೆ

ಶಿವಪ್ರಕಾಶ್ ತಲೆಯೆತ್ತಿದ. ಅರ್ಥವಾಯಿತು ಎಂದುಕೊಂಡೆ. ಅವನ ಮುಖವನ್ನೇ ನೋಡಿದೆ. ಅವನು ಜಗನ್ನನ ಜೊತೆ ಒಂದೇ ರೂಮಿನಲ್ಲಿ ಎರಡು ವರ್ಷ ಇದ್ದವನು, ಅವನ ಶವಕ್ಕೆ ಹೆಗಲು ಕೊಟ್ಟವನು.

"ಜಗ ಅಂದ್ರೆ ಜಗನ್ನಾಥ ಅಲ್ವಾ?" ಎಂದ. "ಸಖತ್! ವಿಷ್ಣು ಭಕ್ತರಿಗೂ ಆಗುತ್ತೆ, ಯಾರಿಗ್ ಬೇಕಾದ್ರೂ ಆಗುತ್ತೆ. ಇದೇ ಫೈನಲ್."

ನನಗೆ ಸಿಟ್ಟು ಬರಲಿಲ್ಲ. ತಟ್ಟೆಯಲ್ಲಿ ಕೂದಲು ಕಂಡಾಗ ಆಗುತ್ತದಲ್ಲ, ಅದಾಯಿತು. ಹೇಳಲಿಲ್ಲ. ಹೇಳಿದ್ದರೆ ಅದನ್ನೂ ತೆಗೆಸುತ್ತಿದ್ದ.

ಕೈ ಚಾಚಿದೆ. ಅವನು ಜೇಬಿನಿಂದ ಕ್ಯಾಸೆಟ್ಟು ತೆಗೆದು ಕೊಟ್ಟ. ಡಬ್ಬಿ ಅವನ ಎದೆಯ ಬೆವರಿಗೆ ಬೆಚ್ಚಗಾಗಿತ್ತು. ಲ್ಯಾಬಿನಲ್ಲಿ ಹಿಡಿಯುವಂತೆ ಎರಡು ಬೆರಳಲ್ಲಿ ಹಿಡಿದುಕೊಂಡೆ. ಡಬ್ಬಿಯನ್ನು ಅಲ್ಲೇ ಕಸದಬುಟ್ಟಿಗೆ ಹಾಕಲು ಹೋಗಿ, ಜಗನ್ನನ ಅಕ್ಷರ ನೋಡಿ, ಸುಮ್ಮನಾದೆ.

ಕಾರಿನ ಗಾಜು ಏರಿಸಿ ಟೇಪು ಹಾಕಿದೆ. ಹಾಡನ್ನು ಮುಂದಕ್ಕೆ ಓಡಿಸಲಿಲ್ಲ, ಪೂರ್ತಿ ಕೇಳಿದೆ. ನಡುವೆ ದೂರದಲ್ಲಿ ಎಮರಿವಿಲ್ಲಿನ ರೈಲು ಕೂಗಿತು. ಫ್ರಿಜ್ಜು ಗುಂಯ್‌ಗುಟ್ಟಿತು. ಶಿವಪ್ರಕಾಶಗೆ, ಹೇಮಶ್ರೀಗೆ. ಎತ್ತಿರೆ. ಆಮೇಲೆ ಒಂದು ಕುರ್ಚಿ ಕಿರ್ ಎಂದಿತು.

"ಸಾಕಾ?"

ಸ್ವಲ್ಪ ಶೀತವಾಗಿತ್ತು ಅವನಿಗೆ ಆ ದಿನ. ಅದು ನನಗೆ ನೆನಪಿರಲಿಲ್ಲ.

ಟೇಪಿನ ಮುತ್ತೈದೆ ಏನಾದರೂ ಉತ್ತರ ಕೊಡುತ್ತಾಳೇನೋ ಎಂದು ಕಾದೆ. ಅವಳು ಕೊಡುವ ಮುಂಚೆಯೇ ಅವನು ಯಂತ್ರ ನಿಲ್ಲಿಸಿದ್ದ.

*

ಆ ಹಾಡು ಸೈಟಿಗೆ ಬಂತು. ಬೇಸಿಗೆಯಲ್ಲಿ ಹೇಮಶ್ರೀ ಫೋನು ಮಾಡಿದಳು. ಸನಿವೇಲಿನ ಒಂದು ನಾಮಕರಣದಲ್ಲಿ, ಮಿಲ್ಪಿಟಾಸಿನ ಎರಡು ಗೃಹಪ್ರವೇಶದಲ್ಲಿ ಅದನ್ನೇ ಹಾಕಿದ್ದರಂತೆ. "ಎಷ್ಟು ಕಳೆ ಇದೆ ಗೊತ್ತಾ ಆ ದನೀಲಿ! ಯಾರೋ ದೊಡ್ಡ ಮುತ್ತೈದೇನೇ ಇರ್ಬೇಕು ಅಂತ ನಮ್ಮತ್ತೆ. ನಾನ್ ಹೇಳಕ್ಕೆ ಹೋಗ್ಲಿಲ್ಲ." ಅವಳು ನಕ್ಕಳು. ನಾನೂ ನಗಬೇಕೆಂದು ಕಾದಳು.

ಅಷ್ಟು ಮನೆಗಳ ಹೊಸಿಲಲ್ಲಿ ಜಗನ್ನನಿಗೆ ಆರತಿ ಎತ್ತುತ್ತಿದ್ದರು. ಯಾರಿಗೂ ಕೆಡುಕಾದ ಸುದ್ದಿ ಬರಲಿಲ್ಲ. ನನ್ನ ಬಾಗಿಲಿಗೆ ಅವನು ಬರಲೂ ಇಲ್ಲ.

ಭಾನುವಾರ ರೆಸ್ಟೋರೆಂಟಿಗೆ ಹೊರಡುವ ಹೊತ್ತು. ಕೈಗೆ ನಿಂಬೆಹಣ್ಣು ತಿಕ್ಕುತ್ತಿದ್ದೆ. ಶಿವಪ್ರಕಾಶ್ ಫೋನು ಮಾಡಿದ. ಫ್ರೀವೇಯಲ್ಲಿ ಕಾರು ಓಡಿಸುತ್ತಿದ್ದ, ಗಾಳಿಯ ಸದ್ದು.

"ಇಂದು, ಜಗನ್ನಾಥಂದು ಹಿಟ್ಟಾಗ್ಬಿಟ್ಟಿದೆ. ಇನ್ನೊಂದ್ ಸೆಟ್ ಮಾಡೋಣ. ಸೀಮಂತಕ್ಕೆ, ಲಗ್ನಕ್ಕೆ, ಉಪನಯನಕ್ಕೆ, ಎಲ್ಲಕ್ಕೂ ಒಂದೊಂದು. ಯಾವಾಗ್ ಬರ್ತೀಯಾ?"

"ಸಾಕು," ಎಂದೆ.

"ಹಲೋ? ಏನಂದೆ? ಕೇಳಿಸ್ತಿಲ್ಲ. ಜೋರಾಗ್ ಮಾತಾಡು."

ನಾನು ಜೋರು ಮಾಡಲಿಲ್ಲ. ಬಾಯನ್ನು ಫೋನಿಗೆ ಹತ್ತಿರ ತಂದು, ಮೊದಲಿನ ಶ್ರುತಿಯಲ್ಲೇ ಇನ್ನೊಮ್ಮೆ ಹೇಳಿದೆ.